ದೋಣಿಯ ಹಿಂದಿನ ಸೀಟು

ಗಂಗರಾಜುವಿಗೆ ದೆವ್ವಗಳಲ್ಲಿ ನಂಬಿಕೆ ಇರಲಿಲ್ಲ. ಇದ್ದಿದ್ದರೆ ಅವನ ಕಸುಬು ನಡೆಯುತ್ತಲೂ ಇರಲಿಲ್ಲ. ಹುಳಿಯಾರಿನ ಸುತ್ತಮುತ್ತ ಯಾರ ತೋಟದ ಮೋಟರು ಕೆಟ್ಟರೂ, ಯಾರ ಟಿಲ್ಲರು ಕೆಮ್ಮಿದರೂ ಫೋನು ಬರುವುದು ಅವನಿಗೇ. ಹೋದ ಕಡೆಯೆಲ್ಲ ಒಂದು ಪಂಪ್‌ಹೌಸು, ಪಂಪ್‌ಹೌಸಿಗೊಂದು ಕಥೆ. ಇಲ್ಲಿ ಇಂಥವಳು ಬಾವಿಗೆ ಬಿದ್ದಳು, ಅಮಾವಾಸ್ಯೆಯ ದಿನ ಮೋಟರು ತನ್ನಷ್ಟಕ್ಕೆ ತಾನೇ ಶುರುವಾಗುತ್ತೆ, ಇತ್ಯಾದಿ. ಗಂಗರಾಜು ಎಲ್ಲ ಕೇಳಿಸಿಕೊಂಡು ಸ್ಟಾರ್ಟರ್ ಬಿಚ್ಚುತ್ತಿದ್ದ. ಒಳಗೆ ಹಲ್ಲಿಯೊಂದು ಸತ್ತು ಅಂಟಿಕೊಂಡಿರುತ್ತಿತ್ತು. ಅದನ್ನು ಕಡ್ಡಿಯಲ್ಲಿ ಎತ್ತಿ ಮನೆಯವರ ಮುಖದ ಮುಂದೆ ಹಿಡಿದು, "ತಗಳಿ, ನಿಮ್ಮ ಬಾವಿ ಹೆಣ್ಣು" ಅನ್ನುವುದು ಅವನಿಗೊಂದು ಚಟ. ಇದರಿಂದ ಅವನಿಗೆ ಗಿರಾಕಿಗಳು ಕಡಿಮೆಯಾಗಲಿಲ್ಲ, ಆದರೆ ಊಟ ಹಾಕಿ ಕಳಿಸುವವರು ಕಡಿಮೆಯಾದರು.

ಅಂಥವನ ಅಂಗಡಿ ಮುಂದೆ ಒಂದು ಬೆಳಿಗ್ಗೆ ತಿಪಟೂರಿನ ಕೊಬ್ಬರಿ ವ್ಯಾಪಾರಿ ಬಸವರಾಜಪ್ಪನವರ ಕಾರು ನಿಂತಿತು. ಅರವತ್ತು ದಾಟಿದವರು, ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ. ಇಳಿದವರು ಬೆಂಚಿನ ಮೇಲಿನ ಗ್ರೀಸನ್ನೂ ನೋಡದೆ ಕೂತುಬಿಟ್ಟರು.

"ಬೋಟಿನ ಸೈಲೆನ್ಸರ್ ಬದಲಾಯಿಸಬೇಕು ಕಣಪ್ಪ," ಅಂದರು. "ಸಾಮಾನೆಲ್ಲ ತರಿಸಿ ಇಟ್ಟಿದೀನಿ. ಕೂರಿಸೋ ಕೈ ಬೇಕು, ಅಷ್ಟೇ."

ಈ ಸೀಮೆಯಲ್ಲಿ ಕೆರೆ ತುಂಬಿದರೇ ಒಂದು ಸುದ್ದಿ. ತುಂಬಿದ ವರ್ಷ ಜನ ಬಾಗಿನ ಬಿಟ್ಟು, ಫೋಟೊ ತೆಗೆಸಿಕೊಂಡು ಮನೆಗೆ ಹೋಗುತ್ತಾರೆಯೇ ಹೊರತು ಬೋಟು ಬಿಡುವುದಿಲ್ಲ. ಆದರೆ ಬಸವರಾಜಪ್ಪನವರ ಬೋಟಿನ ವಿಷಯ ಗಂಗರಾಜುವಿಗೂ ಗೊತ್ತಿತ್ತು. ಅವರ ಒಬ್ಬನೇ ಮಗ ಭುವನ್ ಅದನ್ನು ಕಾರವಾರದ ಕಡೆ ಮುಚ್ಚಿಹೋದ ಯಾವುದೋ ರೆಸಾರ್ಟಿನಿಂದ ಲಾರಿ ಮೇಲೆ ಹೇರಿಸಿ ತಂದಿದ್ದ. ಕಾಲಿಗೆ ಹಲಗೆ ಕಟ್ಟಿಕೊಂಡು ನೀರಿನ ಮೇಲೆ ಜಾರುತ್ತಾರಲ್ಲ, ಅಂಥವರನ್ನು ಹಗ್ಗ ಹಾಕಿ ಎಳೆಯುವ ಸ್ಕೀ ಬೋಟು. ಬಣ್ಣ ಹೋಗಿತ್ತು, ಇಂಜಿನ್ನಿಗೆ ಭುವನನಿಗಿಂತ ಸ್ವಲ್ಪ ಕಡಿಮೆ ವಯಸ್ಸು. ಬೋರನಕಣಿವೆಯ ಹಿನ್ನೀರಿಗೆ ತಾಗಿಕೊಂಡೇ ಅವರ ತೆಂಗಿನ ತೋಟ. ಅಲ್ಲಿ ಶೆಡ್ಡು ಕಟ್ಟಿಸಿ, ಈ ಕಡೆಯ ಹುಡುಗರಿಗೆಲ್ಲ ನೀರಿನ ಮೇಲೆ ಜಾರುವುದನ್ನು ಕಲಿಸುತ್ತೇನೆ ಅಂತ ಓಡಾಡಿಕೊಂಡಿದ್ದ. ಜನ ನಕ್ಕರು. ಹೋದ ವರ್ಷ ಬೇಸಿಗೆಯಲ್ಲಿ ಒಂದು ಮಟಮಟ ಮಧ್ಯಾಹ್ನ ಆ ಬೋಟು ನೀರಿನ ನಡುವೆ ಸುಮ್ಮನೆ ಸುತ್ತುತ್ತಿರುವುದನ್ನು ತೋಟ ಕಾಯುವ ಹುಚ್ಚರಂಗಯ್ಯ ಕಂಡ. ತೆಪ್ಪ ಹಾಕಿಕೊಂಡು ಹೋಗಿ ನೋಡಿದರೆ ಭುವನ್ ಹಿಂದಿನ ಸೀಟಿನಲ್ಲಿ ಟಾರ್ಪಾಲಿನ ನೆರಳಿಗೆ ಕಾಲು ಮಡಿಸಿ ಕೂತಿದ್ದಾನೆ, ನಿದ್ದೆ ಹೋದವನ ಹಾಗೆ. ಹೃದಯ ನಿಂತಿದೆ ಅಂದರು. ವಯಸ್ಸಿನ ಹುಡುಗರೇ ಹೀಗೆ ಹೋಗುತ್ತಿರುವ ಕಾಲ. ಕೊಯ್ಯಿಸುವುದು ಬೇಡವೇ ಬೇಡ ಅಂತ ತಾಯಿ ಕಾಲಿಗೆ ಬಿದ್ದದ್ದರಿಂದ ಯಾರೂ ಮುಂದಕ್ಕೆ ಕೆದಕಲಿಲ್ಲ. ಅವರ ಪದ್ಧತಿಯಂತೆ ತೋಟದಲ್ಲೇ ಕೂರಿಸಿ ಮಣ್ಣು ಮಾಡಿದರು. ಕೂತೇ ಹೋಗಿದ್ದವನನ್ನು ಕೂರಿಸಲು ಯಾರಿಗೂ ಕಷ್ಟವಾಗಲಿಲ್ಲ ಅಂತ ಆಮೇಲೆ ಜನ ಮಾತಾಡಿಕೊಂಡರು. ಅಂಥದನ್ನು ಮಾತಾಡುವುದಕ್ಕೆ ಜನಕ್ಕೆ ನಾಲಿಗೆ ಹೇಗೆ ಬರುತ್ತದೋ.

"ಈಗ ಬೋಟು ಯಾರು ಓಡಿಸ್ತಾರೆ ಸಾವ್ಕಾರ್ರೆ?" ಗಂಗರಾಜು ಕೇಳಿದ.

"ನಾನೇ. ನಮ್ಮ ಮನೆಯವಳಿಗೋಸ್ಕರ." ಬಸವರಾಜಪ್ಪನವರು ಪಂಚೆಯ ಅಂಚನ್ನು ಮೊಣಕಾಲಿನ ಮೇಲೆ ಎಳೆದುಕೊಂಡರು. "ಮಗ ಹೋದ ಮೇಲೆ ಊಟ ಬುಟ್ಟಳು, ಮಾತು ಬುಟ್ಟಳು. ತಿಪಟೂರಿಗೂ ಬರಲ್ಲ, ತೋಟದ ಮನೆಯಲ್ಲೇ ಅವಳೆ. ಒಂದು ಸೋಮವಾರ, ಬೋಟಲ್ಲಿ ಕೂರ್ಸಿ ಅಂದಳು. ಕರ್ಕೊಂಡು ಹೋದೆ. ಬರೋವಾಗ ನಗ್ತಾ ಬಂದಳು ಕಣಪ್ಪ. ಅವತ್ತಿಂದ ಪ್ರತಿ ಸೋಮವಾರ ಹೋಗೋದು. ನೀರಿನ ಮಧ್ಯೆ ನಿಲ್ಲಿಸ್ತೀನಿ. ಇಂಜಿನ್ ಆಫ್ ಮಾಡಬೇಡಿ ಅಂತಾಳೆ, ಮಾಡಲ್ಲ. ನಾನು ಮುಂದೆ ಗಾಳಿಗೆ ಕೂತಿರ್ತೀನಿ. ಅವಳು ಹಿಂದೆ ಟಾರ್ಪಾಲಿನ ನೆರಳಲ್ಲಿ ಒಂದು ಜೊಂಪು ನಿದ್ದೆ ತೆಗೀತಾಳೆ."

"ಮತ್ತೆ?"

"ಹೋದ ಸೋಮವಾರ ಎಬ್ಬಿಸಿದ್ರೆ ಏಳಲಿಲ್ಲ. ದಡಕ್ಕೆ ತಂದು ಮಲಗಿಸಿ, ನೀರು ಹಾಕಿ, ಕೆನ್ನೆ ತಟ್ಟಿ, ಆಮೇಲೆ ಕಣ್ಣು ಬುಟ್ಟಳು. ತುಟಿ ಮಾತ್ರ ಎಲೆ ಅಡಿಕೆ ಹಾಕಿದಂಗೆ ಕೆಂಪಗಿತ್ತು. ಅವಳು ಎಲೆ ಅಡಿಕೆ ಮುಟ್ಟಲ್ಲ. ಪೆಟ್ರೋಲ್ ವಾಸನೆ ತಲೆಗೆ ಏರಿರಬೇಕು ಅಂತ ನಾನು ಅನ್ಕೊಂಡಿದೀನಿ. ಹೆಂಗೂ ಭುವನನೇ ಆರ್ಡರ್ ಮಾಡಿದ್ದ ಸೈಲೆನ್ಸರ್ ಸೆಟ್ಟು ಅವನು ಹೋದ ಮೇಲೆ ಬಂದು ಹಂಗೇ ಬಿದ್ದೈತೆ. ಹಾಕ್ಸಿಬುಡಣ ಅಂತ."

ಗಂಗರಾಜು ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟ. ಮುಚ್ಚಿದ ಕೋಣೆಯಲ್ಲಿ ಜನರೇಟರ್ ಹಾಕಿಕೊಂಡು ಮಲಗಿದವರು ಬೆಳಿಗ್ಗೆ ಏಳದೆ ಹೋದದ್ದನ್ನು ಅವನು ಒಮ್ಮೆ ಕಣ್ಣಾರೆ ಕಂಡಿದ್ದ. ಅವರ ತುಟಿಯೂ ಹಾಗೇ ಕೆಂಪಗಿತ್ತು. ಇದನ್ನು ಹೇಳಲು ಬಾಯಿ ತೆರೆದವನು ಎದುರಿನ ಮುಖ ನೋಡಿ ಮುಚ್ಚಿಕೊಂಡ. ಮೊದಲು ಕಣ್ಣಿಂದ ನೋಡೋಣ, ಆಮೇಲೆ ಬಾಯಿ ಬಿಡೋಣ ಅಂದುಕೊಂಡ.

"ನಾನು ಮುಗಿಸೋವರೆಗೂ ಅಮ್ಮಾರನ್ನ ಕೂರ್ಸಬ್ಯಾಡಿ," ಅಂತ ಮಾತ್ರ ಹೇಳಿದ.

ಗಂಗರಾಜು ತೋಟಕ್ಕೆ ಹೋದ ದಿನ ತಿಪಟೂರಿನಲ್ಲಿ ಕೊಬ್ಬರಿ ಹರಾಜು. ಬಸವರಾಜಪ್ಪನವರು ಶೆಡ್ಡಿನ ಬೀಗ ತೆಗೆದುಕೊಟ್ಟು ಹೊರಟುಹೋದರು. ಬೋಟು ತಳ್ಳುಗಾಡಿಯ ಮೇಲೆ, ಮೂತಿ ತೋಟದ ಕಡೆ, ಬೆನ್ನು ನೀರಿನ ಕಡೆ ಮಾಡಿಕೊಂಡು ನಿಂತಿತ್ತು. ಗಂಗರಾಜು ಹತ್ತಿ ನಡುವಿನ ಪೆಟ್ಟಿಗೆಯ ಮುಚ್ಚಳ ಎತ್ತಿದ. ಇಂಜಿನ್ ಕಂಡ ಮೇಲೆ ಅವನಿಗೆ ಸಮಾಧಾನವಾಯಿತು. ಲಾರಿಯದೋ ಬೋಟಿನದೋ, ಇಂಜಿನ್ ಇಂಜಿನ್ನೇ. ಒಂದೇ ವ್ಯತ್ಯಾಸ, ಇದು ಕೆರೆಯ ನೀರನ್ನೇ ಕುಡಿದು ಮೈ ತಂಪು ಮಾಡಿಕೊಂಡು, ಆ ನೀರನ್ನು ಹೊಗೆಯ ಜೊತೆಗೇ ಹಿಂದಕ್ಕೆ ಉಗುಳುತ್ತದೆ. ಇಂಜಿನ್ನಿನ ಎರಡು ಪಕ್ಕದಿಂದ ಕಬ್ಬಿಣದ ಬೆಂಡುಗಳು, ಅಂದರೆ ಮೊಣಕೈಯಂತೆ ಬಾಗಿದ ಕೊಳವೆಗಳು, ಅಲ್ಲಿಂದ ತೋಳು ದಪ್ಪದ ಎರಡು ರಬ್ಬರ್ ಪೈಪುಗಳು, ಸೀಟುಗಳ ಕೆಳಗೆ ತೂರಿಕೊಂಡು ಹೋಗಿ ಸೈಲೆನ್ಸರ್ ಸೇರಿ ಬೆನ್ನಿನಿಂದ ಹೊರಗೆ. ಹಿಂದಿನ ದಿನವೆಲ್ಲ ಅವನು ಫೋನಿನಲ್ಲಿ ಇದರ ವಿಡಿಯೊ ನೋಡಿದ್ದ. ವಿಡಿಯೊದಲ್ಲಿ ಬೋಲ್ಟುಗಳು ಬೆಣ್ಣೆಯಿಂದ ಬೆರಳು ತೆಗೆದಂತೆ ಬಂದಿದ್ದವು. ಇಲ್ಲಿ ಮೊದಲನೆಯದೇ ಕತ್ತು ಮುರಿದುಕೊಂಡಿತು. ಬೈದುಕೊಂಡು, ಡೀಸೆಲ್ ಹಾಕಿ ನೆನೆಸಿ, ಬ್ಲೋ ಲ್ಯಾಂಪಿನಿಂದ ಕಾಯಿಸಿ, ಸುತ್ತಿಗೆಯಲ್ಲಿ ಸಮಾಧಾನ ಹೇಳಿ, ಅಂತೂ ಬಲಗಡೆಯ ಬೆಂಡು ಕಿತ್ತ. ಒಳಗೆಲ್ಲ ತುಕ್ಕು ಹಿಡಿದು ಹಪ್ಪಳ ಹಪ್ಪಳವಾಗಿ ಉದುರಿತು. ಬಲಗಡೆ ಪೈಪು ಹಳೆಯದಾದರೂ ಗಟ್ಟಿಯಾಗಿಯೇ ಇತ್ತು.

ಸೂರ್ಯ ನೆತ್ತಿಗೆ ಬಂದಿದ್ದ. ತೋಟದಲ್ಲಿ ಒಂದು ಗರಿಯೂ ಅಲ್ಲಾಡುತ್ತಿರಲಿಲ್ಲ. ನೀರು ಎಣ್ಣೆ ಹಚ್ಚಿದಂತೆ ನಯವಾಗಿ ಬಿದ್ದಿತ್ತು, ಆಚೆ ದಡದ ಗುಡ್ಡ ಅದರಲ್ಲಿ ತಲೆಕೆಳಗಾಗಿ ನಿಂತಿತ್ತು. ಒಂದು ಹಕ್ಕಿಯ ಸದ್ದೂ ಇಲ್ಲ. ಗಂಗರಾಜುವಿಗೆ ತನ್ನ ಸ್ಪ್ಯಾನರಿನ ಸದ್ದು ಜೋರಾಯಿತೇನೋ ಅನ್ನಿಸಿ ಕೈ ನಿಧಾನ ಮಾಡಿದ. ತಾನು ಯಾಕೆ ಹೀಗೆ ಮೆತ್ತಗೆ ಕೆಲಸ ಮಾಡುತ್ತಿದ್ದೇನೆ, ಯಾರ ನಿದ್ದೆ ಕೆಡುತ್ತದೆ ಇಲ್ಲಿ, ಅಂತ ತನ್ನನ್ನೇ ಕೇಳಿಕೊಂಡು ಮತ್ತೆ ಬೋಲ್ಟಿಗೆ ಸ್ಪ್ಯಾನರು ಹಾಕಿದ.

ತಲೆ ಎತ್ತಿದಾಗ ಶೆಡ್ಡಿನ ಬಾಗಿಲಲ್ಲಿ ಬಸವರಾಜಪ್ಪನವರ ಹೆಂಡತಿ ಶಿವರುದ್ರಮ್ಮ ನಿಂತಿದ್ದರು. ಕೈಯಲ್ಲಿ ಊಟದ ಡಬ್ಬಿ. ತೆಳ್ಳಗೆ, ಸೆರಗು ಹೊದ್ದುಕೊಂಡು, ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಊಟ ಮಾಡಪ್ಪ. ಮುದ್ದೆ ಆರೋಯ್ತದೆ," ಅಂದರು.

ಅವನು ಕೈ ತೊಳೆದು ಬಂದು ಕೂತ. ಅವರು ಬಡಿಸಿದರು. ಎರಡನೇ ಸಲ ಸಾರು ಹಾಕುವಾಗ, ಅಳ್ಳಾಡದ ದನಿಯಲ್ಲಿ ಕೇಳಿದರು:

"ಗಂಗರಾಜು, ಒಂದು ಮಾತು ನಡೆಸಿಕೊಡ್ತೀಯಾ? ಹಳೇದನ್ನೇ ಮತ್ತೆ ಹಾಕ್ಬುಡು. ಮೇಲೆ ಒಂದು ಕೈ ಬಣ್ಣ ಹೊಡುದ್ರೆ ಇವರಿಗೇನು ಗೊತ್ತಾಗಲ್ಲ."

ಗಂಗರಾಜು ನಕ್ಕ. "ಸೈಲೆನ್ಸರ್ ಮ್ಯಾಲೆ ಏನಮ್ಮ ಅಷ್ಟು ಪ್ರೀತಿ?"

"ಅದು ರಿಪೇರಿ ಆದ್ರೆ ಭುವನ ಬರಲ್ಲ."

ಅವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಶಿವರುದ್ರಮ್ಮ ಬಾವಿಯ ನೀರಿನ ವಿಷಯವೋ ಎಮ್ಮೆಯ ವಿಷಯವೋ ಹೇಳುವ ಹಾಗೆ ಹೇಳುತ್ತಾ ಹೋದರು.

"ಮೊದಲ ಸೋಮವಾರ ಟಾರ್ಪಾಲಿನ ಆ ಕೊನೇಲಿ ಕೂತಿದ್ದ. ಅದೇ ನೀಲಿ ಅಂಗಿ. ಕಾಲು ಮಡಿಸ್ಕೊಂಡು, ನಾವು ಕೂರ್ಸಿದ್ದೆವಲ್ಲ, ಹಂಗೇ. ನನಗೆ ಭಯ ಆಗಲಿಲ್ಲ. ಮಗನ್ನ ನೋಡಿ ಯಾರಾದ್ರೂ ಹೆದರ್ತಾರಾ? ಮುಂದಿನ ಸೋಮವಾರ ಇನ್ನೂ ಈ ಕಡೆ ಬಂದಿದ್ದ. ವಾರ ವಾರ ಹತ್ರ ಬತ್ತಾನೆ. ಇಂಜಿನ್ ನಿಲ್ಲಿಸಿದ್ರೆ ಹೋಗ್ಬುಡ್ತಾನೆ. ಬಾಯಿ ಆಡಿಸ್ತಾನೆ, ಆ ಸದ್ದಿಗೆ ನನಗೆ ಕೇಳ್ಸಲ್ಲ. ಹೋದ ಸೋಮವಾರ ಮಾತು ಕೇಳ್ಸಿತು."

"ಏನಂದ್ರು?" ಗಂಗರಾಜು ಕೇಳಬಾರದು ಅಂದುಕೊಂಡೇ ಕೇಳಿದ.

ಶಿವರುದ್ರಮ್ಮನ ಮುಖದಲ್ಲಿ ನಗು ಬಂತು. "ಸತ್ತ ಮೇಲೂ ಅವನಿಗೆ ಬೋಟಿಂದೇ ಚಿಂತೆ. 'ಎಡಗಡೆ ಪೈಪು, ಅಮ್ಮ, ಕೆಳಮೈ. ಕೈ ಹಾಕಿ ನೋಡು' ಅಂತಾನೆ. ಅದನ್ನೇ ಹೇಳ್ತಾನೆ. ನಾನು ಯಾವ ಪೈಪು ನೋಡ್ಲಿ. ಆಮೇಲೆ ಕೈ ಚಾಚಿದ. ಇಷ್ಟರಲ್ಲಿ, ಇನ್ನೇನು ನನ್ನ ಭುಜ ಮುಟ್ಟಬೇಕು, ಇವರು ಬಂದು ಎಬ್ಬಿಸಿಬುಟ್ರು. ಬರೋ ಸೋಮವಾರ ಆ ಕೈ ಹಿಡ್ಕೋತೀನಿ ಕಣಪ್ಪ. ಒಂದು ಸಲ. ಆಮೇಲೆ ನೀನು ಹೊಸ ಸೈಲೆನ್ಸರ್ ಆದ್ರೂ ಹಾಕು, ಬೋಟನ್ನೇ ಸುಟ್ಟಾದ್ರೂ ಹಾಕು."

ಬಿಸಿಲಿಗೆ ತಗಡು ಚಟ್ ಅಂದಿತು. ಗಂಗರಾಜುವಿನ ಮೈ ಜುಮ್ಮೆಂದಿತು, ಅದಕ್ಕೆ ಅವನಿಗೇ ಸಿಟ್ಟು ಬಂತು. ಊಟ ಬಿಟ್ಟು ಎದ್ದ.

"ಅಮ್ಮಾರೆ, ಕೋಪ ಮಾಡ್ಕೋಬ್ಯಾಡಿ. ಅದು ಹೊಗೆ. ಎಲ್ಲೋ ಸೋರಿ ಟಾರ್ಪಾಲಿನ ಒಳಗೆ ತುಂಬ್ಕತಾ ಐತೆ. ತಲೆಗೇರಿದ್ರೆ ಇಲ್ಲದ್ದೆಲ್ಲ ಕಾಣ್ತದೆ. ಹೋದ ಸೋಮವಾರ ನೀವು ಎದ್ದಿದ್ದೇ ಹೆಚ್ಚು. ಬರೋ ಸೋಮವಾರ ಏಳಲ್ಲ."

"ಏಳದಿದ್ರೆ ಬುಡು," ಅಂದರು ಶಿವರುದ್ರಮ್ಮ.

ಇಂಥವರಿಗೆ ಬಾಯಿ ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ, ಕಣ್ಣಿಗೆ ತೋರಿಸಬೇಕು. ಎಡಗಡೆ ಪೈಪಿನ ಕೆಳಗೆ ಏನೂ ಇಲ್ಲ ಅಂತ ಅವರ ಕೈಯಿಂದಲೇ ಮುಟ್ಟಿಸಿದರೆ ಭ್ರಮೆ ಬಿಡುತ್ತದೆ ಅಂತ ಗಂಗರಾಜು ಲೆಕ್ಕ ಹಾಕಿದ. ಬೋಟು ಹತ್ತಿ, ಎಡಗಡೆ ಸೀಟು ಎತ್ತಿ, ಹೊಟ್ಟೆಯ ಮೇಲೆ ಮಲಗಿ ಕೈ ಇಳಿಬಿಟ್ಟ. ಕತ್ತಲು, ಇಕ್ಕಟ್ಟು, ಹಳೆಯ ಎಣ್ಣೆಯ ವಾಸನೆ. ಪೈಪಿನ ಮೇಲ್ಮೈ ಬಲಗಡೆಯದರ ಹಾಗೇ ಇತ್ತು. ಕೈ ಇನ್ನೂ ಕೆಳಕ್ಕೆ ಬಿಟ್ಟು ತಳದ ಕಡೆ ಸವರಿದ.

ಕೈಗೆ ಕೂದಲು ಸಿಕ್ಕಿತು.

ಒದ್ದೆ ಕೂದಲು. ದಟ್ಟವಾಗಿ, ಒತ್ತಿ ಬಾಚಿದ ತಲೆಯ ಹಾಗೆ. ಗಂಗರಾಜು ಕೈ ಎಳೆದುಕೊಂಡ ರಭಸಕ್ಕೆ ಮೊಣಕೈ ತರಚಿ ರಕ್ತ ಬಂತು. ಕೆಳಗೆ ನಿಂತಿದ್ದ ಶಿವರುದ್ರಮ್ಮ, "ಸಿಕ್ತಾ?" ಅಂತ ಕೇಳಿದರು.

ಅವನು ಟಾರ್ಚು ಹುಡುಕಿ ಹಚ್ಚಿ, ತಲೆಯನ್ನೇ ಒಳಗೆ ತೂರಿಸಿದ. ಕೂದಲಲ್ಲ. ತೆಂಗಿನ ನಾರು. ಪೈಪಿನ ಕೆಳಗಿನ ಅರ್ಧಕ್ಕೆ ಮೇಲಿನಿಂದ ಕಪ್ಪು ಟೇಪು, ಟೇಪು ಕಿತ್ತುಬಂದ ಕಡೆ ಅಚ್ಚುಕಟ್ಟಾಗಿ ಬಾಚಿ, ಹೊಸೆದು, ಗ್ರೀಸು ಮೆತ್ತಿ ಸುತ್ತಿದ ನಾರು. ಈ ಸೀಮೆಯಲ್ಲಿ ಇದನ್ನು ಕಾಣದವರಿಲ್ಲ. ತೋಟದ ಪೈಪು ಸೋರಿದರೆ ಅಂಗಡಿಗೆ ಯಾರು ಓಡುತ್ತಾರೆ, ನಾಲ್ಕು ಎಳೆ ನಾರು ಸುತ್ತಿ ಬಿಗಿದರೆ ಮುಗಿಯಿತು. ನೀರು ಕುಡಿದಷ್ಟೂ ನಾರು ಉಬ್ಬುತ್ತದೆ, ಉಬ್ಬಿದಷ್ಟೂ ಬಿಗಿಯಾಗುತ್ತದೆ. ಒಂದು ಹನಿ ಆಚೆ ಬರುವುದಿಲ್ಲ. ಗಂಗರಾಜು ತಾನೇ ಎಷ್ಟೋ ತೋಟಗಳಲ್ಲಿ ಹೀಗೆ ಸುತ್ತಿದ್ದಾನೆ.

ಆದರೆ ಅವು ನೀರಿನ ಪೈಪುಗಳು. ಇದು ಹೊಗೆಯ ಪೈಪು. ಅವನು ಚಾಕುವಿನಿಂದ ನಾರನ್ನು ಕೊಯ್ದು, ಸುತ್ತು ಬಿಚ್ಚಿ, ಪೈಪಿನ ಸಮೇತ ಹೊರಗೆ ತಂದು ಬಿಸಿಲಿಗೆ ಇಟ್ಟ. ಹೊರಮೈ ಉಬ್ಬಿ ಗಟ್ಟಿಯಾಗಿತ್ತು. ಒಳಮೈ ಸುಟ್ಟು ಇದ್ದಿಲಾಗಿತ್ತು, ಮುಟ್ಟಿದರೆ ಪುಡಿ. ಅದರ ಕೆಳಗೆ ರಬ್ಬರು ಅಂಗೈ ಉದ್ದಕ್ಕೆ ಸೀಳಿತ್ತು. ಬೋಟು ಜೋರಾಗಿ ಓಡುವಾಗ ನೀರು ಧಾರಾಳವಾಗಿ ಬಂದು ನಾರು ಒದ್ದೆಯಾಗಿರುತ್ತದೆ, ಏನೂ ಆಗುವುದಿಲ್ಲ. ನಿಲ್ಲಿಸಿ ಇಂಜಿನ್ ಹಾಗೇ ಬಿಟ್ಟರೆ ನೀರು ಕಡಿಮೆ, ಶಾಖ ಹೆಚ್ಚು. ಒಳಗಿನ ನಾರು ಒಣಗಿ ಬೆಂದು ಸಂದು ಬಿಡುತ್ತದೆ. ಹೊಗೆ ಸೀಟಿನ ಕೆಳಗಿನಿಂದ ಮೇಲೇಳುತ್ತದೆ. ಮೇಲೆ ಟಾರ್ಪಾಲು.

ಶಿವರುದ್ರಮ್ಮ ಬಗ್ಗಿ ನಾರನ್ನು ಕೈಗೆ ತೆಗೆದುಕೊಂಡರು.

"ಇದು ನಾನು ಬಾಚಿದ ನಾರು," ಅಂದರು. "ಗುಂಡೀಲಿ ನೆನೆಹಾಕಿದ್ದ ಕಾಯಿಮಟ್ಟೆ ಬಡಿದು ಬಾಚಿ ಕೊಟ್ಟೆ. ಪೈಪು ಸೀಳೈತೆ, ಹೊಸದು ಬರೋಕೆ ತಿಂಗಳಾಯ್ತದೆ ಅಂತ ಭುವನ ಸಪ್ಪಗೆ ಕೂತಿದ್ದ. ಅದಕ್ಯಾಕೆ ಅಳ್ತೀಯ ಅಂತ ಇವರೇ ಸುತ್ತಿ ಕೊಟ್ರು. ಇಂಜಿನ್ ಹಾಕಿ ನೋಡಿದ್ರೆ ಒಂದು ಹನಿ ಇಲ್ಲ. ನೋಡಿದ್ಯಾ ನಿಮ್ಮಪ್ಪನ ಕೈ ಅಂತ ಬೆನ್ನು ತಟ್ಟಿ ಕಳಿಸಿದ್ರು."

"ಯಾವಾಗ?" ಅವನಿಗೆ ಉತ್ತರ ಬೇಕಿರಲಿಲ್ಲ.

"ಅವತ್ತೇ ಬೆಳಿಗ್ಗೆ."

ಮಾತು ಬಾಯಿಂದ ಬಿದ್ದ ಮೇಲೆ ಅವರಿಗೆ ಅದರ ಅರ್ಥ ಗೊತ್ತಾಯಿತು. ಗಂಗರಾಜು ಅದನ್ನು ಅವರ ಮುಖದಲ್ಲಿ ನೋಡಿದ, ನೋಡಲಾಗದೆ ನೆಲ ನೋಡಿದ. ಅವರು ನಿಂತಲ್ಲೇ ಕೂತರು. ಅಳಲಿಲ್ಲ. ನಾರನ್ನು ತೊಡೆಯ ಮೇಲಿಟ್ಟುಕೊಂಡು ಎಳೆ ಎಳೆಯಾಗಿ ಬಿಡಿಸುತ್ತಾ ಕೂತರು. ಗಂಗರಾಜು ಆ ಬೆರಳುಗಳನ್ನೇ ನೋಡಿದ. ಏನಾದರೂ ಹೇಳಬೇಕಿತ್ತು. ಹೊಗೆಯ ಭ್ರಮೆ ಅಂತ ಮತ್ತೆ ಹೇಳಬಹುದಿತ್ತು. ಆದರೆ ಬೋಟಿನ ಹೊಟ್ಟೆಯೊಳಗೆ ಎಂದೂ ಇಣುಕದ ಈ ಹೆಂಗಸಿಗೆ ಎಡಗಡೆ, ಕೆಳಮೈ ಅಂತ ಯಾವ ಹೊಗೆ ಹೇಳಿಕೊಟ್ಟಿತು? ಅವನ ಬಾಯಿಂದ ಬಂದ ಮಾತು ಅವನದೇ ಅಂತ ಅವನಿಗೆ ಅನ್ನಿಸಲಿಲ್ಲ.

"ಅಮ್ಮಾರೆ, ಅವ್ರು ಬರ್ತಾ ಇದ್ದಿದ್ದು ನಿಮ್ಮನ್ನ ಕರ್ಕೊಂಡು ಹೋಗೋಕಲ್ಲ. ಕೈ ಚಾಚಿದ್ದು ಎಬ್ಬಿಸೋಕೆ."

ಶಿವರುದ್ರಮ್ಮ ಬಿಡಿಸಿದ ಎಳೆಗಳನ್ನು ಒಂದೊಂದಾಗಿ ಆಯ್ದು ಮತ್ತೆ ಒಟ್ಟುಮಾಡಿದರು.

"ಹೊಸದೇ ಹಾಕು," ಅಂದರು ಕೊನೆಗೆ. ಎದ್ದು, ನಾರನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡರು. "ಇದನ್ನ ಇವರಿಗೆ ಹೇಳ್ಬೇಡ. ಮಗನ್ನ ಕಳ್ಕೊಂಡೋರು ಅಂತ ಹೆಂಗೋ ಬದುಕಿದಾರೆ. ತಾವೇ ಕೈಯಾರೆ ಕಳಿಸಿದ್ದು ಅಂತ ಗೊತ್ತಾದ್ರೆ ಒಂದು ದಿನ ಉಳಿಯಲ್ಲ. ನನ್ನ ಮೇಲೆ ಆಣೆ ಇಡು."

ಗಂಗರಾಜು ಆಣೆ ಇಟ್ಟ. ಅವರು ನೀರೊಲೆಯ ಕಡೆ ನಡೆದರು. ಸ್ವಲ್ಪ ಹೊತ್ತಿನಲ್ಲಿ ತೋಟದ ಮನೆಯ ಹಿಂದಿನಿಂದ ಹೊಗೆ ಎದ್ದು, ಗಾಳಿಯಿಲ್ಲದ್ದರಿಂದ ಎತ್ತಲೂ ಹೋಗದೆ ತೆಂಗಿನ ಸುಳಿಗಳ ನಡುವೆ ನಿಂತುಕೊಂಡಿತು.

ಮಿಕ್ಕ ಕೆಲಸವನ್ನು ಗಂಗರಾಜು ತಲೆ ಎತ್ತದೆ ಮಾಡಿದ. ಹೊಸ ಬೆಂಡುಗಳ ಕೆಳಗೆ ಹೊಸ ಪ್ಯಾಕಿಂಗು, ಹೊಸ ರಬ್ಬರ್ ಪೈಪು, ಪ್ರತಿ ತುದಿಗೂ ಜೋಡಿ ಕ್ಲಾಂಪು. ಎಂದೂ ಇಲ್ಲದಷ್ಟು ಶ್ರದ್ಧೆ. ಬಿಗಿದ ಬೋಲ್ಟನ್ನೇ ಮತ್ತೆ ಮತ್ತೆ ಬಿಗಿದ. ಎರಡು ಸಲ, ಹಿಂದಿನಿಂದ ಯಾರೋ ಬಗ್ಗಿ ನೋಡುತ್ತಿದ್ದಾರೆ ಅನ್ನಿಸಿ, "ಟಾರ್ಚಿಗೆ ಅಡ್ಡ ಆಗ್ತೀರ, ಸ್ವಲ್ಪ ಸರೀರಿ" ಅಂದ. ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ನೆರಳು ಮಾತ್ರ ಸರಿಯಿತು.

ಸೋಮವಾರ ಮಧ್ಯಾಹ್ನ ಬೋಟನ್ನು ನೀರಿಗೆ ಇಳಿಸಿದರು. ಓಡಿಸಿ ನೋಡಲು ಗಂಗರಾಜುವೂ ಹತ್ತಿದ. ಬಸವರಾಜಪ್ಪನವರು ಮುಂದೆ ಸ್ಟೇರಿಂಗು ಹಿಡಿದು ಕೂತರು. ಶಿವರುದ್ರಮ್ಮ ಹಿಂದಿನ ಸೀಟಿನಲ್ಲಿ. ಬೇಡವೆಂದರೂ ಟಾರ್ಪಾಲು ಹಾಕಿಸಿಕೊಂಡರು. ಗಂಗರಾಜು ನಡುವೆ, ಇಂಜಿನ್ ಪೆಟ್ಟಿಗೆಯ ಪಕ್ಕ ಮಂಡಿಯೂರಿ, ಪ್ರತಿ ಸಂದಿಗೂ ಮೂಗು ಹಿಡಿಯುತ್ತಾ ಕೂತ. ಇಂಜಿನ್ ಗಂಟಲು ಸರಿಮಾಡಿಕೊಂಡಂತೆ ಸದ್ದು ಮಾಡಿ, ನೀರು ಉಗುಳಿ, ಓಡಿತು.

"ನಾನು ಸುತ್ತಿದ್ದು ನೋಡಿದ್ಯಾ?" ಬಸವರಾಜಪ್ಪನವರು ಹಿಂದೆ ತಿರುಗದೆ ಕೂಗಿ ಕೇಳಿದರು. "ವರ್ಷದ ಮೇಲಾಯ್ತು. ಸೋರ್ತಿತ್ತಾ?"

ಗಂಗರಾಜು ಶಿವರುದ್ರಮ್ಮನ ಕಡೆ ನೋಡಿದ. ಅವರು ನೀರು ನೋಡುತ್ತಿದ್ದರು.

"ಒಂದು ಹನಿ ಇಲ್ಲ ಸಾವ್ಕಾರ್ರೆ."

"ತೋಟದೋರ ಕೈ ಕಣಪ್ಪ," ಅಂದರು ಬಸವರಾಜಪ್ಪನವರು. ಅವರ ದನಿಯಲ್ಲಿದ್ದ ಸಂತೋಷವನ್ನು ಕೇಳಿಸಿಕೊಳ್ಳುವುದು ಗಂಗರಾಜುವಿಗೆ ಹಿಂಸೆಯಾಯಿತು.

ನೀರಿನ ನಡುವೆ ಬೋಟು ನಿಂತಿತು. ಇಂಜಿನ್ ಮೆಲ್ಲಗೆ ಓಡುತ್ತಿತ್ತು. ದಡದ ತೋಟಗಳು ಬಿಸಿಲ ಝಳಕ್ಕೆ ಅಲುಗಿ ಅಲುಗಿ ಕಾಣುತ್ತಿದ್ದವು. ಟಾರ್ಪಾಲಿನ ಒಳಗೆ ಗಾಳಿ ತಿಳಿಯಾಗಿತ್ತು, ಹೊಗೆಯ ಸುಳಿವೂ ಇರಲಿಲ್ಲ. ಶಿವರುದ್ರಮ್ಮ ನೆಟ್ಟಗೆ ಕೂತು ಎದುರಿನ ಖಾಲಿ ಸೀಟನ್ನು ನೋಡುತ್ತಿದ್ದರು. ಗಂಗರಾಜುವೂ ನೋಡಿದ. ಅಲ್ಲಿ ಬಿಸಿಲಿನ ಒಂದು ಪಟ್ಟಿ ಬಿಟ್ಟರೆ ಏನೂ ಇಲ್ಲ. ಹಾಗೇ ಎಷ್ಟೋ ಹೊತ್ತು ಕೂತರು. ನಿದ್ದೆ ಬರಲಿ ಅಂತ ಅವರು ಕಣ್ಣು ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು. ಭುವನ್ ಬರಲಿ ಅಂತ ಗಂಗರಾಜುವಿನ ಮನಸ್ಸೂ ಕೇಳಿಕೊಳ್ಳುತ್ತಿತ್ತು, ಬರದಿರಲಿ ಅಂತಲೂ.

"ಇಲ್ಲ," ಅಂದರು ಶಿವರುದ್ರಮ್ಮ, ಬರೀ ತುಟಿಯಲ್ಲಿ. ಅಂದು ಕೂರಿಸಿ ಮಣ್ಣು ಮಾಡಿದಾಗಲೂ ಬಾರದ ಅಳು ಈಗ ಬಂತು. ಸೆರಗು ಬಾಯಿಗೆ ತುರುಕಿಕೊಂಡು, ಮುಂದಿರುವವರಿಗೆ ಕೇಳಿಸದಂತೆ ಅತ್ತರು. ಅವರು ಬದುಕಿಕೊಂಡರು ಅಂತ ಗಂಗರಾಜುವಿಗೆ ಖಾತ್ರಿಯಾಯಿತು. ಅವನು ಕೈ ಚಾಚಿ ಬಸವರಾಜಪ್ಪನವರ ಬೆನ್ನು ತಟ್ಟಿ, ಸಾಕು ಅಂತ ಸನ್ನೆ ಮಾಡಿದ. ಅವರು ಇಂಜಿನ್ ನಿಲ್ಲಿಸಿದರು.

ಸದ್ದು ಇಳಿಯಿತು. ಬೋಟಿನ ಹೊಟ್ಟೆಗೆ ನೀರು ತಾಗುವ ಸದ್ದೊಂದೇ ಉಳಿಯಿತು, ಆಮೇಲೆ ಅದೂ ನಿಂತಿತು. ಬೋಟಿನ ಮುಂಭಾಗ ಸ್ವಲ್ಪ ತಗ್ಗಿತು, ಯಾರೋ ಹಿಂದಿನಿಂದ ಎದ್ದು ಮುಂದಕ್ಕೆ ಹೋದಾಗ ತಗ್ಗುವಷ್ಟು. ಗಂಗರಾಜು ಕೂತಲ್ಲಿಂದ ಕದಲಿರಲಿಲ್ಲ. ಶಿವರುದ್ರಮ್ಮನೂ ಕದಲಿರಲಿಲ್ಲ.

"ಏನಂದೆ?" ಬಸವರಾಜಪ್ಪನವರು ಕೇಳಿದರು.

"ನಾನೇನೂ ಅನ್ಲಿಲ್ಲ ಸಾವ್ಕಾರ್ರೆ."

"ಈಗ ಅಂದ್ಯಲ್ಲ. ಕಿವಿ ಹತ್ರ."

"ಇಲ್ಲ."

ಅವರು ಸೀಟಿನಲ್ಲಿ ನಿಧಾನವಾಗಿ ತಿರುಗಿದರು. ಮುಖದಲ್ಲಿ ಹೆದರಿಕೆ ಇರಲಿಲ್ಲ. ತಿಳಿಯದ ಮಾತನ್ನು ಕೇಳಿದವರ ಗೊಂದಲ ಇತ್ತು, ಅಷ್ಟೇ. ಅವರ ಕಣ್ಣು ಗಂಗರಾಜುವನ್ನು ದಾಟಿ ಹೆಂಡತಿಯ ಒದ್ದೆ ಮುಖದ ಮೇಲೆ ನಿಂತಿತು.

"'ನಿಮ್ಮ ತಪ್ಪಲ್ಲ ಅಪ್ಪಾಜಿ' ಅಂತು," ಅಂದರು. "ಅಪ್ಪಾಜಿ ಅಂತ ನನ್ನ ಕರೆಯೋರು ಯಾರವ್ರೆ ಈಗ?"

ಶಿವರುದ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

"ಯಾವುದು ಕಣೇ ನನ್ನ ತಪ್ಪಲ್ಲ? ನಾನೇನು ಮಾಡಿದ್ದೆ?"

ಶಿವರುದ್ರಮ್ಮ ಗಂಗರಾಜುವನ್ನು ನೋಡಿದರು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಆಮೇಲೆ ಅವರು ಟಾರ್ಪಾಲಿನ ಕೆಳಗಿನಿಂದ ಎದ್ದು, ಅಂಚು ಹಿಡಿದುಕೊಂಡು, ಅವನನ್ನು ದಾಟಿ ಮುಂದಕ್ಕೆ ಹೋಗಿ ಗಂಡನ ಪಕ್ಕ ಕೂತರು. ಅವರ ಎರಡೂ ಕೈಗಳನ್ನು ತೆಗೆದು ತಮ್ಮ ಮಡಿಲಿಗೆ ಹಾಕಿಕೊಂಡರು.

"ಅವತ್ತು ಬೆಳಿಗ್ಗೆ ನಾರು ಬಾಚಿ ಕೊಟ್ಟಿದ್ದು ನಾನು ಕಣ್ರೀ," ಅಂತ ಶುರುಮಾಡಿದರು.